ಬಾಳೆಹಣ್ಣು ಕಪ್ಪಾಗುವ ಗುಟ್ಟು

ಪ್ರಶ್ನೆ: ಬಾಳೆಹಣ್ಣಿನ ತಿರುಳಿನಿಂದ ಡೋಪಮೈನ್ ಅಳೆಯುವ ಸಾಧನ ಮಾಡಿದ್ದಾರಂತೆ. ನಿಜವೇ? ನಮ್ಮ ಕಾಲೇಜಿನಲ್ಲಿ ಮಾಡಿ ನೋಡಬಹುದೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಚೀಕಲಪರ್ವಿ

ಉತ್ತರ: ವಿಜಯದಾಸರ ಊರಿನಿಂದ ಇಂಥ ಪ್ರಶ್ನೆ ಬಂದದ್ದು ಸಂತೋಷ. ನಿಜ, ಮಾಡಿದ್ದಾರೆ. ಬದನೆಕಾಯಿ ಹೆಚ್ಚಿದ ಕೂಡಲೇ ಅವ್ವ ಉಪ್ಪುನೀರಿಗೆ ಹಾಕುತ್ತಾರಲ್ಲ, ಈ ವಿದ್ಯೆ ಅಲ್ಲಿಂದಲೇ ಶುರು. ಹೆಚ್ಚಿದಾಗ ಜೀವಕೋಶ ಒಡೆದು ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಹೊರಬರುತ್ತದೆ. ಅದು ಗಾಳಿಯ ಆಮ್ಲಜನಕ ಹಿಡಿದು ಫೀನಾಲ್‌ಗಳನ್ನು ಕ್ವಿನೋನ್ ಮಾಡುತ್ತದೆ. ಕ್ವಿನೋನ್‌ಗಳು ಒಂದಕ್ಕೊಂದು ಬೆಸೆದರೆ ಕಪ್ಪು. ನರಗಳ ಸಂದೇಶ ಒಯ್ಯುವ ಡೋಪಮೈನ್ ಸಹ ಇದೇ ಬಳಗದ ಅಣು. ಬಾಳೆಯಲ್ಲೇ ಇದೆ, ಸಿಪ್ಪೆಯಲ್ಲಿ ಹೆಚ್ಚು.

1985ರಲ್ಲಿ ಸಿಡ್ವೆಲ್ ಮತ್ತು ರೆಕ್ನಿಟ್ಜ್ ಆಮ್ಲಜನಕ ಅಳೆಯುವ ವಿದ್ಯುದ್ವಾರಕ್ಕೆ ಬಾಳೆಯ ಅಂಗಾಂಶ ಕೂರಿಸಿದರು. ಡೋಪಮೈನ್ ಹೆಚ್ಚಿದ್ದಷ್ಟೂ ಆಮ್ಲಜನಕ ಹೆಚ್ಚು ಖರ್ಚು. ಅದಕ್ಕವರು ಇಟ್ಟ ಹೆಸರು ‘ಬನಾನಾಟ್ರೋಡ್’. 1988ರಲ್ಲಿ ವಾಂಗ್ ಮತ್ತು ಲಿನ್ ತಿರುಳನ್ನು ಇಂಗಾಲದ ಪೇಸ್ಟಿನಲ್ಲೇ ಕಲಸಿಬಿಟ್ಟರು. ಹುಟ್ಟಿದ ಕ್ವಿನೋನ್ ಅಲ್ಲೇ ಎಲೆಕ್ಟ್ರಾನ್ ಪಡೆಯುತ್ತದೆ, ಆ ವಿದ್ಯುತ್ತೇ ಅಳತೆ. ಶುದ್ಧ ಕಿಣ್ವ ದುಬಾರಿ. ಹಣ್ಣು ಅಗ್ಗ, ಕಿಣ್ವವೂ ತನ್ನ ಮನೆಯಲ್ಲೇ ಇರುತ್ತದೆ. ನನಗೆ ಈ ಸರಳತೆಯೇ ಬಹಳ ಇಷ್ಟ.

ತೊಡಕೂ ಇದೆ. ಕಿಣ್ವಕ್ಕೆ ಡೋಪಮೈನ್ ಒಂದೇ ಅಲ್ಲ, ಕ್ಯಾಟಿಕಾಲ್ ಗುಂಪಿನ ಅಣುಗಳೆಲ್ಲ ಬೇಕು. ವಿಟಮಿನ್ ಸಿ ಕ್ವಿನೋನನ್ನು ಹಿಂದಕ್ಕೆ ಕರೆತಂದು ಲೆಕ್ಕ ಕೆಡಿಸುತ್ತದೆ. ಹಣ್ಣಿನಿಂದ ಹಣ್ಣಿಗೆ ಕಿಣ್ವದ ಬಲವೂ ಬೇರೆ. ನಮ್ಮಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು ಇಂಗಾಲದ ಪೇಸ್ಟ್ ವಿದ್ಯುದ್ವಾರವನ್ನೇ ಮಾರ್ಪಡಿಸಿ, ಡೋಪಮೈನನ್ನು ವಿಟಮಿನ್ ಸಿ, ಯೂರಿಕ್ ಆಮ್ಲಗಳಿಂದ ಬೇರ್ಪಡಿಸಿ ಅಳೆಯುವ ಕೆಲಸ ಬಹಳ ಮಾಡಿದ್ದಾರೆ. ಆ ಲೇಖನಗಳನ್ನು ಹುಡುಕಿ ಓದಿ.

ಕಾಲೇಜಿನಲ್ಲಿ ವಿದ್ಯುದ್ವಾರದ ವಿದ್ಯುತ್ ಅಳೆಯುವ ಪೊಟೆನ್ಶಿಯೊಸ್ಟಾಟ್ ಇದ್ದರೆ ಗ್ರಾಫೈಟ್ ಪುಡಿ, ಮಿನರಲ್ ಎಣ್ಣೆ, ತಿರುಳು ಕಲಸಿ ನೋಡಬಹುದು. ಇಲ್ಲದಿದ್ದರೆ ಎರಡು ಹೋಳು ತೆಗೆದುಕೊಂಡು ಒಂದಕ್ಕೆ ಮಾತ್ರ ನಿಂಬೆರಸ ಸವರಿ. ಅದು ತಡವಾಗಿ ಕಪ್ಪಾಗುವುದಕ್ಕೆ ನಿಂಬೆಯ ಹುಳಿಯ ಜೊತೆ ವಿಟಮಿನ್ ಸಿ ಕೂಡ ಕಾರಣ, ಅದು ತಂದಿಡುವ ತೊಡಕು ಹೀಗೆ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಅಜ್ಜನಿಗೆ ಪಾರ್ಕಿನ್ಸನ್ ಕಾಯಿಲೆ. ಡೋಪಮೈನ್ ಇರುವ ಬಾಳೆಹಣ್ಣು ದಿನಾ ಕೊಟ್ಟರೆ ನಡುಕ ನಿಲ್ಲುತ್ತದೆಯೇ?
– ಓದುಗರು, ದೇವದುರ್ಗ

ಉತ್ತರ: ಇಲ್ಲ. ತಿಂದ ಡೋಪಮೈನ್ ರಕ್ತದಿಂದ ಮೆದುಳಿನೊಳಗೆ ದಾಟಲಾರದು. ದಾಟಿ ಅಲ್ಲಿ ಡೋಪಮೈನ್ ಆಗುವುದು ಲೆವೊಡೋಪ, ಅದಕ್ಕೇ ವೈದ್ಯರು ಅದರ ಮಾತ್ರೆ ಕೊಡುವುದು. ನಸುಗುನ್ನಿ ಬೀಜದಲ್ಲೂ ಲೆವೊಡೋಪ ಇದೆಯೆಂದು ಯಾರಾದರೂ ಹೇಳಬಹುದು. ಇರುವುದು ನಿಜ, ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ. ಮಾತ್ರೆಯ ಜೊತೆ ಸೇರಿದರೆ ಅಪಾಯ. ಹಣ್ಣು ಹಸಿವಿಗೆ ಕೊಡಿ. ನರರೋಗ ತಜ್ಞರನ್ನು ಕೇಳದೆ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ.