ಗುಳಿಗೆ ವರ್ಷಕ್ಕೆರಡು ಸಲ, ನೆಲದ ಕೆಲಸ ವರ್ಷವಿಡೀ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿ ದುಡಿದು ನಿವೃತ್ತನಾದವನು ನಾನು. ಹೊಸದಾಗಿ ಕೆಲಸಕ್ಕೆ ಸೇರಿದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಜಂತುಹುಳುವಿನ ಬಗ್ಗೆ ಕೇಳಿದಾಗ ಹೇಳುವ ಮಾತುಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

1. ತೆಂಗಿಗೆ ಒಗ್ಗುವ ನೆಲ ಕೊಕ್ಕೆಹುಳುವಿಗೂ ಒಗ್ಗುತ್ತದೆ

ನೆರಳು, ತೇವ, ಸಡಿಲ ಮಣ್ಣು: ಇಷ್ಟಿದ್ದರೆ ಅದಕ್ಕೆ ಸಾಕು. ಮಲದಲ್ಲಿ ಬಿದ್ದ ಮೊಟ್ಟೆ ಒಂದೆರಡು ದಿನದಲ್ಲಿ ಒಡೆದು, ವಾರ ಹತ್ತು ದಿನದೊಳಗೆ ಮರಿ ಚರ್ಮ ಕೊರೆಯುವಷ್ಟು ಬಲಿಯುತ್ತದೆ. ಬಿಸಿಲಿಗೆ ಒಣಗಿದ ಹೊಲದಲ್ಲಿ ಬೇಗ ಸಾಯುವ ಈ ಮರಿ, ಮಟ್ಟೆ ಮುಚ್ಚಿದ ಹಸಿ ಪಾತಿಯಲ್ಲಿ ಮೂರು ನಾಲ್ಕು ವಾರ ಬದುಕಬಲ್ಲದು. ಬರಿಗಾಲು ಸಿಕ್ಕಿದರೆ ಬೆರಳ ಸಂದಿಯಿಂದ ಒಳಹೊಕ್ಕು, ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ, ಎಂಜಲಿನೊಂದಿಗೆ ಹೊಟ್ಟೆಗಿಳಿದು, ಸಣ್ಣ ಕರುಳನ್ನು ಕಚ್ಚಿಕೊಳ್ಳುತ್ತದೆ. ನೀರು ಹಾಯಿಸಿ ಬಂದವರು ರಾತ್ರಿಯೆಲ್ಲ ಕಾಲು ಕೆರೆದುಕೊಂಡರೆ ಕೆಸರುಹುಣ್ಣು ಎಂದು ಸುಮ್ಮನಾಗಬೇಡಿ. ಕಾರಣ ಇದೂ ಇರಬಹುದು.

2. ಬೆಲ್ಲಕ್ಕೆ ಬೈದು ಫಲವಿಲ್ಲ

"ಕೊಬ್ರಿ ಬೆಲ್ಲ ತಿಂದೂ ತಿಂದೂ ಹುಳ ಆಗವೆ ಸಾರ್" ಎಂದು ಅಜ್ಜಿಯರು ಮೊಮ್ಮಕ್ಕಳನ್ನು ಮುಂದೆ ತಳ್ಳುತ್ತಾರೆ. ಸಿಹಿಯಿಂದ ಹುಳು ಹುಟ್ಟುವುದಿಲ್ಲ. ದುಂಡುಹುಳುವಿನ ಮೊಟ್ಟೆ ಮಣ್ಣಿನಿಂದ ಕೈಗೆ, ಕೈಯಿಂದ ಬಾಯಿಗೆ ಬರುತ್ತದೆ. ಒಂದು ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ, ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಕೊಬ್ಬರಿ ಬೆಲ್ಲ ಕೊಡಲಿ, ಕೊಡುವ ಮುಂಚೆ ಸೋಪು ಹಚ್ಚಿ ಕೈ ತೊಳೆಸಲಿ, ಉಗುರು ಕತ್ತರಿಸಲಿ.

3. ಹುಳು ಕಾಣದಿದ್ದರೆ ರಕ್ತ ನೋಡಿ

ದುಂಡುಹುಳು ಮಲದಲ್ಲಿ ಬಿದ್ದರೆ ಮನೆಯವರೇ ಓಡಿ ಬರುತ್ತಾರೆ. ಕೊಕ್ಕೆಹುಳು ಒಂದು ಸೆಂಟಿಮೀಟರ್‌ನಷ್ಟು, ಕಣ್ಣಿಗೆ ಬೀಳುವುದೇ ಅಪರೂಪ. ವರ್ಷಗಟ್ಟಲೆ ಕರುಳಲ್ಲಿದ್ದು ರಕ್ತ ಹೀರುತ್ತದೆ. ಗುರುತು ಬೇರೆ ಕಡೆ ಸಿಗುತ್ತದೆ: ಬಿಳಿಚಿದ ಕಣ್ಣರೆಪ್ಪೆಯ ಒಳಭಾಗ, ಮೆಟ್ಟಿಲು ಹತ್ತಿದರೆ ಏದುಸಿರು, ಸೆರಗಿನ ಗಂಟಿನಲ್ಲಿ ಬಳಪದ ಚೂರು. ಬಳಪ, ಮಣ್ಣು ತಿನ್ನುವ ಚಟದ ಹಿಂದೆ ಬಹಳ ಸಲ ಕಬ್ಬಿಣಾಂಶದ ಕೊರತೆ ಇರುತ್ತದೆ. ಅಂಥವರಿಗೆ ಹುಳುವಿನ ಗುಳಿಗೆಯಷ್ಟೇ ಕೊಟ್ಟರೆ ಅರ್ಧ ಕೆಲಸ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆಯನ್ನೂ ಕೊಡಿಸಿ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಹುಳುವಿನ ಗುಳಿಗೆ ಬೇಡ. ಆಮೇಲೆ ವೈದ್ಯರ ಸಲಹೆಯಂತೆ ಕೊಡಬಹುದು.

4. ಕೊಟ್ಟರೆ ಸಾಲದು, ಅಗಿಸಬೇಕು

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರ ಫೆಬ್ರವರಿಯಲ್ಲಿ ಶುರುವಾಯಿತು. 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, 1ರಿಂದ 2 ವರ್ಷದ ಕೂಸಿಗೆ ಅರ್ಧ. ಚಿಕ್ಕವರಿಗೆ ಎರಡು ಚಮಚದ ನಡುವೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ, ಗಂಟಲಿಗೆ ಸಿಕ್ಕಿಕೊಳ್ಳಬಾರದು. ದೊಡ್ಡವರು ನಿಮ್ಮೆದುರೇ ಅಗಿಯಲಿ. ಗುಳಿಗೆ ಮನೆಗೆ ಕಳಿಸಬೇಡಿ, ದಾರಿಯಲ್ಲೇ ಪಾಟೀಚೀಲದ ತಳ ಸೇರುತ್ತದೆ. ಜ್ವರ ಬಂದ ಮಗುವನ್ನು, ಅವತ್ತು ಗೈರಾದವರನ್ನು ಪಟ್ಟಿ ಮಾಡಿಟ್ಟುಕೊಂಡು ಮುಂದಿನ ವಾರದ ಸುತ್ತಿನಲ್ಲಿ ತಪ್ಪದೆ ಹಿಡಿಯಿರಿ.

5. ವಾಂತಿಗೆ ಮೊದಲೇ ಉತ್ತರ ಸಿದ್ಧವಿರಲಿ

ಹೊಟ್ಟೆ ತುಂಬ ಹುಳು ಇರುವ ಮಗುವಿಗೆ ಗುಳಿಗೆ ನುಂಗಿದ ಮೇಲೆ ತುಸು ಹೊಟ್ಟೆನೋವು, ವಾಕರಿಕೆ ಬರಬಹುದು. ನೆರಳಿನಲ್ಲಿ ಮಲಗಿಸಿ ನೀರು ಕುಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇದನ್ನು ಪೋಷಕರ ಸಭೆಯಲ್ಲಿ ಮುಂಚೆಯೇ ಹೇಳಿಬಿಡಿ. ಹೇಳದಿದ್ದರೆ ಒಂದು ಮಗು ಕಕ್ಕಿದ ಸುದ್ದಿ ವಾಟ್ಸಾಪಿನಲ್ಲಿ ಸಂಜೆಯೊಳಗೆ ಹತ್ತೂರು ಸುತ್ತಿ, ಮುಂದಿನ ಸಲ ಅರ್ಧ ತರಗತಿ ಖಾಲಿ.

6. ಶಾಲೆಗೆ ಹೋಗದವರನ್ನು ಮರೆಯಬೇಡಿ

ದುಂಡುಹುಳು ಮಕ್ಕಳಲ್ಲಿ ಹೆಚ್ಚು. ಕೊಕ್ಕೆಹುಳು ಹಾಗಲ್ಲ, ಅದರ ಹೊರೆ ದೊಡ್ಡವರ ಮೇಲೂ ಬೀಳುತ್ತದೆ. ಪಾತಿ ಮಾಡುವವರು, ಕಾಯಿ ಆಯುವ ಹೆಂಗಸರು, ಸಿಪ್ಪೆ ಸುಲಿಯಲು ಊರಿಂದೂರಿಗೆ ಹೋಗುವ ಆಳುಗಳು ಯಾವ ಶಾಲೆಯ ಪಟ್ಟಿಯಲ್ಲೂ ಇಲ್ಲ. ಮಕ್ಕಳಿಗೆಲ್ಲ ಗುಳಿಗೆ ಕೊಟ್ಟರೂ ತೋಟಕ್ಕೆ ಮತ್ತೆ ಮೊಟ್ಟೆ ಬೀಳುವುದು ಇವರಿಂದ. ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ತೋಟದ ಯಜಮಾನರಿಗೂ ಒಂದು ಮಾತು: ಕೂಲಿಯವರಿಗೆ ಪಂಪ್‌ಸೆಟ್ ಮನೆಯ ಹತ್ತಿರ ಒಂದು ಕಕ್ಕಸು ಕಟ್ಟಿಸಿ, ತೋಟಕ್ಕಿಳಿಯುವಾಗ ಚಪ್ಪಲಿ ಬಿಡಬೇಡಿ ಎನ್ನಿ.

7. ಕಕ್ಕಸಿನಲ್ಲಿ ತೆಂಗಿನ ಸಿಪ್ಪೆ ಇದ್ದರೆ ಅದು ಕಕ್ಕಸಲ್ಲ

1909ರಲ್ಲಿ ಸಿರಿವಂತ ಉದ್ಯಮಿ ರಾಕ್‌ಫೆಲರ್ ಹಣದಿಂದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ವಿರುದ್ಧ ದೊಡ್ಡ ಆಂದೋಲನ ಶುರುವಾಯಿತು. ಔಷಧಿ ಕುಡಿಸಿದ್ದರ ಜೊತೆ ಕಕ್ಕಸಿನ ಪ್ರಚಾರವನ್ನೂ ಮಾಡಿದರು. ನೆಲ ಮಲಿನವಾಗಿಯೇ ಉಳಿದರೆ ಹುಳು ತಿಂಗಳುಗಳಲ್ಲೇ ಮರಳುತ್ತದೆ. ನಮ್ಮಲ್ಲಿ ಕಟ್ಟಿಸಿದ ಎಷ್ಟೋ ಶೌಚಾಲಯಗಳಲ್ಲಿ ಸೌದೆ, ಸಿಪ್ಪೆ, ಗೊಬ್ಬರದ ಚೀಲ ತುಂಬಿರುವುದನ್ನು ನೋಡಿದ್ದೇನೆ. ಮನೆ ಭೇಟಿಯಲ್ಲಿ ಬಾಗಿಲು ತೆರೆಸಿ ನೋಡಿ. ಅವಳಿ ಗುಂಡಿಯಾದರೆ ತುಂಬಿದ್ದನ್ನು ಮುಚ್ಚಿ ಕನಿಷ್ಠ ಒಂದು ವರ್ಷ ಬಿಡಬೇಕು. ಹಸಿಯಾಗಿ ತೆಗೆದು ಮರದ ಬುಡಕ್ಕೆ ಹಾಕಿದರೆ ಮೊಟ್ಟೆಯನ್ನು ಕೈಯಾರೆ ಬಿತ್ತಿದಂತೆ.

8. "ನಾವು ಮಾಂಸ ಮುಟ್ಟಲ್ಲ" ಅನ್ನುವವರೂ ಕೇಳಲಿ

ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಆದರೆ ಅವರ ಮಲದ ಮೊಟ್ಟೆ ಸೊಪ್ಪಿಗೋ ನೀರಿಗೋ ಸೇರಿ ನಮ್ಮ ಹೊಟ್ಟೆಗೆ ಬಂದರೆ ಮೆದುಳಿನಲ್ಲಿ ಗುಳ್ಳೆಯಾಗಿ ಮೂರ್ಛೆ ತರಬಲ್ಲದು. ಇದಕ್ಕೆ ಜಾತಿಯಿಲ್ಲ, ಮಡಿಯಿಲ್ಲ. ಇನ್ನು ಕುರಿ ಸಾಕುವ ಊರುಗಳಲ್ಲಿ ಜಾತ್ರೆಯ ದಿನ ಈಲಿ, ಶ್ವಾಸಕೋಶದ ನೀರುಗುಳ್ಳೆಗಳನ್ನು ನಾಯಿಗೆ ಎಸೆಯಬೇಡಿ. ನಾಯಿಯ ಹೊಟ್ಟೆಯಲ್ಲಿ ಬೆಳೆದ ಹುಳುವಿನ ಮೊಟ್ಟೆ ತಿರುಗಿ ಮನುಷ್ಯನ ಈಲಿಯಲ್ಲಿ ಗೆಡ್ಡೆ ಕಟ್ಟುತ್ತದೆ. ಆಳವಾಗಿ ಹೂಳಿ.

9. ತೊಲಗಿಸಿದ ಹುಳುವೂ ಒಂದಿದೆ

ನಾರುಹುಣ್ಣು ಒಂದು ಕಾಲಕ್ಕೆ ಕರ್ನಾಟಕದಲ್ಲೂ ಇತ್ತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಮುಕ್ತವೆಂದು ಘೋಷಣೆಯಾಯಿತು. ಅದಕ್ಕೆ ಲಸಿಕೆಯಿರಲಿಲ್ಲ, ಗುಳಿಗೆಯೂ ಇರಲಿಲ್ಲ. ಬಟ್ಟೆಯಲ್ಲಿ ಸೋಸಿದ ನೀರು, ಮೆಟ್ಟಿಲು ಬಾವಿಗಳ ಬದಲು ಕೊಳವೆಬಾವಿ, ಮನೆಮನೆ ಸುತ್ತಿದ ಕಾರ್ಯಕರ್ತರು, ಮುಖ್ಯವಾಗಿ ಇವುಗಳಿಂದಲೇ ಹೋಯಿತು. ಕೊಕ್ಕೆಹುಳು ಅಷ್ಟು ಸುಲಭಕ್ಕೆ ಬಿಡುವುದಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟ ಗುರಿ, ಮಧ್ಯಮ ಮತ್ತು ತೀವ್ರ ಸೋಂಕು ಶೇ. 2ಕ್ಕಿಂತ ಕೆಳಗಿಳಿಯಬೇಕು ಎಂಬುದು. ನಮ್ಮ ಕೈಯಲ್ಲಿ ಗುಳಿಗೆಯೂ ಇದೆ, ಕಕ್ಕಸೂ ಇದೆ, ಚಪ್ಪಲಿಯೂ ಇದೆ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ಸೋಲುತ್ತವೆ. ಮುಂದಿನ ಸುತ್ತಿನ ಗುಳಿಗೆ ಹಂಚುವ ಮುನ್ನ, ನಿಮ್ಮ ಊರಿನಲ್ಲಿ ಎಷ್ಟು ಕಕ್ಕಸುಗಳು ಬಳಕೆಯಲ್ಲಿವೆ ಎಂದು ಎಣಿಸಿ ಬನ್ನಿ.