ಸಂಶಯ ಬಂದರೆ ಯಾರಿಗೆ ಹೇಳಬೇಕು?



ಊರಲ್ಲಿ ಏನಾದರೂ ಸಂಶಯ ಬರುವಂಥದ್ದು ಕಂಡರೆ ದೊಡ್ಡವರು "ನಮಗ್ಯಾಕ ಬೇಕು? ನಾಳೆ ಕೋರ್ಟು ಕಚೇರಿ ಅಲೀಬೇಕಾಗ್ತದ" ಅಂತಾರೆ. ಈ ಭಯ ಎಷ್ಟು ನಿಜ?

ಮೊದಲು ನಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ನೋಡೋಣ. 2018ರ ಜುಲೈ 13ರಂದು ಹೈದರಾಬಾದಿನಿಂದ ಕೆಲವು ಸ್ನೇಹಿತರು ಕಾರಿನಲ್ಲಿ ಔರಾದ್ ಕಡೆ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ನೋಡಿದವರಿಗೆ 'ಮಕ್ಕಳ ಕಳ್ಳರು' ಎಂಬ ಸಂಶಯ ಬಂತು. ಸಂಶಯ ಬಂದದ್ದು ತಪ್ಪಲ್ಲ. ಆದರೆ ಆ ಮಾತು ವಾಟ್ಸಾಪ್‌ನಲ್ಲಿ ಕಾರಿಗಿಂತ ಜೋರಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಸೇರಿ ಹೊಡೆದರು. ಒಬ್ಬ ಯುವಕ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿದ್ದವು. ಬಂದವರು ಕಳ್ಳರಾಗಿರಲೇ ಇಲ್ಲ. ಆಮೇಲೆ ಬಂಧನವಾದವರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಅದೇ ಸಂಶಯವನ್ನು ನಂಬಿ ಪೊಲೀಸರಿಗೆ ಮಾತ್ರ ತಿಳಿಸಿದರೆ, ಅದು ಸುಳ್ಳಾದರೂ ತಿಳಿಸಿದವನು ಅಪರಾಧಿಯಲ್ಲ. ಸುಳ್ಳೆಂದು ಗೊತ್ತಿದ್ದೇ ಹೇಳಿದರೆ ಶಿಕ್ಷೆ ಉಂಟು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಇದನ್ನು ಬಿಡಿಸಿ ಹೇಳುತ್ತದೆ: ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ, ಯಾವ ಹೊಣೆಯೂ ಬರುವುದಿಲ್ಲ. ಗೊತ್ತಿದ್ದೂ ಸುಮ್ಮನಿದ್ದ ದೊಡ್ಡವರಿಗೆ 6 ತಿಂಗಳವರೆಗೆ ಜೈಲು ಆಗಬಹುದು. ಮಕ್ಕಳಿಗೆ ಆ ಶಿಕ್ಷೆ ಇಲ್ಲ. (ಗುರುಗಳು ಈ ಸಾಲುಗಳನ್ನು ಎರಡು ಸಲ ಓದಬೇಕು!)

ಹೆಸರಿನ ಮಾತು ಇನ್ನೊಂದು. ಮಾಹಿತಿ ಕೊಡುವುದು ಬೇರೆ, ದೂರು ಬರೆದು ಸಹಿ ಹಾಕುವುದು ಬೇರೆ. ಸಹಿ ಹಾಕಿದರೆ ಹೆಸರು ಎಫ್‌ಐಆರ್‌ನಲ್ಲಿ ಬರುತ್ತದೆ. ಬರೀ ಮಾಹಿತಿಯಾದರೆ, ಅದು ಎಲ್ಲಿಂದ ಬಂತು ಹೇಳು ಎಂದು ಪೊಲೀಸ್ ಅಧಿಕಾರಿಯನ್ನು ಕೋರ್ಟಿನಲ್ಲೂ ಒತ್ತಾಯ ಮಾಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಸೆಕ್ಷನ್ ಹೀಗೆ ಹೇಳುತ್ತದೆ. ಹಳೆಯ ಕಾಯ್ದೆಯಲ್ಲೂ ಇದು ಇತ್ತು.

ಇದನ್ನು ನಮ್ಮ ಆಯಿಗೆ ಓದಿ ಹೇಳಿದೆ. "ಕೋರ್ಟು ಕೇಳಂಗಿಲ್ಲ, ಖರೇ. ಪೊಲೀಸಪ್ಪ ತಾನೇ ಚಹಾದಂಗಡ್ಯಾಗ ಕೂತು ಹೇಳಿದ್ರ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹೇಳಿದೆ, "ಹಂಗಾದ್ರ ಠಾಣೆಗೆ ಹೋಗೋದು ಬ್ಯಾಡ ಆಯಿ, ಫೋನ್ ಮಾಡು." ಮಕ್ಕಳ ವಿಷಯವಾದರೆ, ಬಾಲ್ಯವಿವಾಹವಾದರೂ ಸರಿ, 1098. ಬೇರೆ ಅಪಾಯಕ್ಕೆ 112. ಬೀದರ್, ಭಾಲ್ಕಿ, ಔರಾದ್ ಎಲ್ಲಿಂದ ಮಾಡಿದರೂ ಪುಕ್ಕಟೆ. 1098ಕ್ಕೆ ಹೆಸರು ಹೇಳದೆಯೂ ವಿಷಯ ತಿಳಿಸಬಹುದು.

ಆಯಿ ಎರಡೂ ನಂಬರನ್ನು ಕ್ಯಾಲೆಂಡರ್ ಹಿಂದೆ ಬರೆಸಿಕೊಂಡಳು.