ಬಿಸಿಲೂ ನೆರಳೂ ಒಂದೇ ತೆರೆಯ ಮೇಲೆ



ಕಳೆದ ವರ್ಷದ ಸ್ನೇಹಸಮ್ಮೇಳನದ ದಿನ ಶಾಲೆಯ ಬಾಗಿಲಲ್ಲಿ ಅತಿಥಿಗಳಿಗೆ ಆರತಿ ಎತ್ತಿದ ಬಾಲಕಿಯರನ್ನು ನಾನು ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದೆನು. ಅವರ ಬೆನ್ನ ಹಿಂದೆ ಅಂಗಳದಲ್ಲಿ ನಡುಹಗಲಿನ ಬಿಸಿಲು. ನನ್ನ ಕಣ್ಣಿಗೆ ಅಂಗಳವೂ ಕಂಡಿತ್ತು, ಬಾಲಕಿಯರ ಮುಖದ ನಗೆಯೂ ಕಂಡಿತ್ತು. ಸಂಜೆ ತೆರೆಯ ಮೇಲೆ ನೋಡಿದರೆ ಮುಖಗಳೆಲ್ಲ ಬರಿಯ ಕಪ್ಪು ನೆರಳುಗಳು! ತಾಯಿಯೊಬ್ಬರು ತಮ್ಮ ಮಗಳನ್ನೇ ಗುರುತಿಸಲಾರದೆ ಹೋದರು. ಕಣ್ಣು ಕಂಡುದನ್ನು ಯಂತ್ರವೇಕೆ ಕಾಣಲಿಲ್ಲ? ಈ ಪ್ರಶ್ನೆಯ ಉತ್ತರದಲ್ಲಿಯೇ, ಟೆಲಿವಿಷನ್‌ಗಳ ಮೇಲೂ ಮೊಬೈಲುಗಳ ಮೇಲೂ ಇಂದು ಕಾಣುವ ‘ಎಚ್.ಡಿ.ಆರ್.’ ಎಂಬ ಮೂರು ಅಕ್ಷರಗಳ ಅರ್ಥವಿದೆ. ‘ಹೈ ಡೈನಾಮಿಕ್ ರೇಂಜ್’ ಎಂಬುದು ಅದರ ಪೂರ್ಣರೂಪ. ಬೆಳಕಿನ ಹಿರಿದಾದ ವ್ಯಾಪ್ತಿ ಎಂದು ನಾವು ಹೇಳಬಹುದು.

ಒಂದು ದೃಶ್ಯದಲ್ಲಿ ಅತ್ಯಂತ ಕಪ್ಪಾದ ಭಾಗಕ್ಕೂ ಅತ್ಯಂತ ಬೆಳಗುವ ಭಾಗಕ್ಕೂ ಇರುವ ಅಂತರವೇ ಅದರ ವ್ಯಾಪ್ತಿ. ಮೇಲ್ಮೈಯ ಬೆಳಗನ್ನು ಅಳೆಯಲು ‘ನಿಟ್’ ಎಂಬ ಮಾನವುಂಟು. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ, ಅಂದರೆ ಸುಮಾರು ಒಂದು ಮೇಣದಬತ್ತಿಯಷ್ಟು ಬೆಳಕು, ಎಂದರೆ ಒಂದು ನಿಟ್. ನಡುಹಗಲಿನ ಬಿಸಿಲಿನಲ್ಲಿ ಹಿಡಿದ ಬಿಳಿಯ ಕಾಗದವು ಸುಮಾರು 25,000 ನಿಟ್‌ಗಳಷ್ಟು ಬೆಳಗುತ್ತದೆ. ಮಬ್ಬಾದ ಕೋಣೆಯಲ್ಲಿ ಅದೇ ಕಾಗದವು ಕೆಲವೇ ಹತ್ತು ನಿಟ್‌ಗಳಿಗೆ ಇಳಿಯುತ್ತದೆ. ಕಣ್ಣಿನ ಪಾಪೆ ಕಿರಿದಾಗಿಯೂ ಹಿರಿದಾಗಿಯೂ ಹೊಂದಿಕೊಳ್ಳುತ್ತದೆ. ಅಕ್ಷಿಪಟಲವೂ ತನ್ನ ಸೂಕ್ಷ್ಮತೆಯನ್ನು ಬದಲಿಸಿಕೊಳ್ಳುತ್ತದೆ. ಯಂತ್ರವಾದರೋ ಇಡೀ ಚಿತ್ರಕ್ಕೆ ಒಂದೇ ಅಳತೆಯ ಬೆಳಕನ್ನು ಒಳಬಿಡುತ್ತದೆ. ಅಂದು ನನ್ನ ಮೊಬೈಲು ಬಿಸಿಲಿಗೆ ಹೊಂದಿಕೊಂಡಿತು. ಮುಖಗಳು ಕತ್ತಲೆಗೆ ಸಂದವು.

ಈ ತೊಡಕು ಹೊಸದಲ್ಲ. ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಇದನ್ನು ಎದುರಿಸಿದನು. ಸಮುದ್ರಕ್ಕೆ ತಕ್ಕಷ್ಟು ಬೆಳಕು ಕೊಟ್ಟರೆ ಆಕಾಶದ ಮೋಡಗಳು ಅಳಿಸಿಹೋಗುತ್ತಿದ್ದವು. ಅವನು ಆಕಾಶಕ್ಕೊಂದು, ಸಮುದ್ರಕ್ಕೊಂದು ಎಂದು ಎರಡು ನೆಗೆಟಿವ್‌ಗಳನ್ನು ತೆಗೆದು, ಒಂದೇ ಕಾಗದದ ಮೇಲೆ ಅವನ್ನು ಕೂಡಿಸಿ ಮುದ್ರಿಸಿದನು. ಇಂದಿನ ಮೊಬೈಲು ಸ್ಥಿರಚಿತ್ರ ತೆಗೆಯುವಾಗ ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ಹಿಡಿದು ಒಂದುಗೂಡಿಸುವುದೂ ಇದೇ ಉಪಾಯದಿಂದ.

ಚಲಿಸುವ ಚಿತ್ರಕ್ಕೆ ಇಷ್ಟು ಸಾಲದು. ಅಲ್ಲಿ ಬೆಳಕಿನ ವ್ಯಾಪ್ತಿಯು ಮೂರು ಮೆಟ್ಟಿಲುಗಳನ್ನು ಕ್ಷೇಮವಾಗಿ ದಾಟಬೇಕು: ಹಿಡಿಯುವ ಕ್ಯಾಮರಾ, ಬರೆದಿಡುವ ಸಂಖ್ಯೆ, ತೋರಿಸುವ ತೆರೆ.

ಮೊದಲನೆಯದು ಕ್ಯಾಮರಾ. ಅದು ಹಿಡಿಯದೆ ಬಿಟ್ಟ ಮುಖವನ್ನು ಎಷ್ಟು ಬೆಲೆಯ ಟೆಲಿವಿಷನ್ನೂ ಮರಳಿ ತರಲಾರದು.

ಎರಡನೆಯದು ಸಂಖ್ಯೆ. ಹಳೆಯ ಕ್ರಮದಲ್ಲಿ ತೆರೆಯ ಅತ್ಯಂತ ಬಿಳಿಯ ಭಾಗವನ್ನು 100 ನಿಟ್ ಎಂದು ಎಣಿಸಿ ಕಾರ್ಯಕ್ರಮಗಳನ್ನು ಸಿದ್ಧಪಡಿಸುವುದು ವಾಡಿಕೆ. ಪ್ರತಿಯೊಂದು ಬಣ್ಣಕ್ಕೂ 8 ಬಿಟ್, ಅಂದರೆ 256 ಹಂತಗಳು. ಇಷ್ಟೇ ಹಂತಗಳನ್ನು ಹಿರಿದಾದ ವ್ಯಾಪ್ತಿಗೆ ಎಳೆದರೆ ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆಯಾದ ಗೆರೆಗಳು ಮೂಡುತ್ತವೆ. ಆದುದರಿಂದ ಎಚ್.ಡಿ.ಆರ್.ನಲ್ಲಿ ಸಾಮಾನ್ಯವಾಗಿ 10 ಬಿಟ್, ಅಂದರೆ 1,024 ಹಂತಗಳನ್ನು ಬಳಸುತ್ತಾರೆ. ಈ ಹಂತಗಳನ್ನು ಹಂಚುವುದರಲ್ಲಿಯೂ ಒಂದು ಜಾಣ್ಮೆಯುಂಟು. ಕತ್ತಲೆಯ ಕೋಣೆಯಲ್ಲಿ ಒಂದು ಹಣತೆ ಹಚ್ಚಿದರೆ ಎಲ್ಲರಿಗೂ ತಿಳಿಯುತ್ತದೆ. ನೂರು ಹಣತೆಗಳ ನಡುವೆ ಇನ್ನೊಂದನ್ನು ಹಚ್ಚಿದರೆ ಯಾರಿಗೂ ತಿಳಿಯದು. ಕತ್ತಲೆಯಲ್ಲಿ ಕಣ್ಣು ಸಣ್ಣ ವ್ಯತ್ಯಾಸವನ್ನೂ ಗುರುತಿಸುವುದರಿಂದ ಅಲ್ಲಿ ಹಂತಗಳನ್ನು ಒತ್ತೊತ್ತಾಗಿಯೂ, ಬೆಳಕು ಹೆಚ್ಚಿದಂತೆ ವಿರಳವಾಗಿಯೂ ಇಡುತ್ತಾರೆ. ‘ಪಿ.ಕ್ಯು.’ ಎಂಬ ಪದ್ಧತಿ ಈ ತತ್ತ್ವದ ಮೇಲೆ ನಿಂತಿದೆ. 2014ರಲ್ಲಿ ಪ್ರಮಾಣಿತವಾದ ಇದು 10,000 ನಿಟ್‌ಗಳವರೆಗೂ ಸಲ್ಲುತ್ತದೆ. ಬ್ರಿಟನ್ನಿನ ಬಿ.ಬಿ.ಸಿ.ಯೂ ಜಪಾನಿನ ಎನ್.ಎಚ್.ಕೆ.ಯೂ ಕೂಡಿ ‘ಎಚ್.ಎಲ್.ಜಿ.’ ಎಂಬ ಮತ್ತೊಂದು ಪದ್ಧತಿಯನ್ನು ರೂಪಿಸಿದವು. ಹಳೆಯ ಟೆಲಿವಿಷನ್‌ಗಳಲ್ಲಿಯೂ ಚಿತ್ರವು ಕೆಡದೆ ಕಾಣಲೆಂಬುದು ಅದರ ಉದ್ದೇಶ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2016ರಲ್ಲಿ ಎರಡಕ್ಕೂ ಮನ್ನಣೆ ನೀಡಿತು.

ಮೂರನೆಯದು ತೆರೆ. ಎಲ್.ಸಿ.ಡಿ. ತೆರೆಯ ಹಿಂದೆ ದೀಪಗಳಿರುತ್ತವೆ. ಅವು ಒಟ್ಟಿಗೆ ಉರಿದರೆ ಕಪ್ಪೂ ಬೂದಿಬಣ್ಣವಾಗುತ್ತದೆ. ಉತ್ತಮವಾದವುಗಳಲ್ಲಿ ಈ ದೀಪಗಳನ್ನು ಭಾಗಭಾಗವಾಗಿ ಮಂದಗೊಳಿಸುವ ಏರ್ಪಾಡು ಇರುತ್ತದೆ. ಓಎಲ್‌ಇಡಿ ತೆರೆಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪು ನಿಜವಾದ ಕಪ್ಪಾಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಚ್.ಡಿ.ಆರ್. ಚೀಟಿಯುಳ್ಳ ಪೆಟ್ಟಿಗೆಗಳೆಲ್ಲ ಒಂದೇ ಯೋಗ್ಯತೆಯವಲ್ಲ. ಕೆಲವು ಆ ಸಂಖ್ಯೆಗಳನ್ನು ಓದಬಲ್ಲವು. ಅಷ್ಟು ಬೆಳಕನ್ನೂ ಅಷ್ಟು ಕಪ್ಪನ್ನೂ ತೋರುವ ಶಕ್ತಿ ಅವಕ್ಕಿಲ್ಲ. ಅಂಥ ತೆರೆಯು ವ್ಯಾಪ್ತಿಯನ್ನು ತನ್ನ ಮಿತಿಗೆ ಕುಗ್ಗಿಸಿಕೊಂಡು ತೋರಿಸುತ್ತದೆ. ಮನೆಗೆ ಹೊಸ ಟೆಲಿವಿಷನ್ ತರುವಾಗ ಗರಿಷ್ಠ ಬೆಳಕು ಎಷ್ಟು ನಿಟ್, ಕಪ್ಪು ಎಷ್ಟು ಕಪ್ಪು ಎಂದು ನೀವು ಹಿರಿಯರ ಪರವಾಗಿ ಕೇಳಬೇಕು.

ಒಂದು ಪ್ರಯೋಗ ಮಾಡಿರಿ. ಹಗಲಿನಲ್ಲಿ ಗೆಳೆಯನನ್ನು ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ, ಮೊಬೈಲಿನ ತೆರೆಯಲ್ಲಿ ಮೊದಲು ಹೊರಗಿನ ಆಕಾಶವನ್ನು, ಆಮೇಲೆ ಅವನ ಮುಖವನ್ನು ಬೆರಳಿನಿಂದ ಮುಟ್ಟಿರಿ. ಒಮ್ಮೆ ಮುಖವು ಕಪ್ಪಾಗುವುದು, ಒಮ್ಮೆ ಆಕಾಶವು ಬೆಳ್ಳಗೆ ಬರಿದಾಗುವುದು. ಬಳಿಕ ಅವನನ್ನು ಕಿಟಕಿಯ ಕಡೆಗೆ ತಿರುಗಿಸಿ ನೋಡಿರಿ. ಯಂತ್ರದ ಮಿತಿಯನ್ನು ಅರಿತವನಿಗೆ ಸಾಧಾರಣ ಯಂತ್ರವೂ ಒದಗುತ್ತದೆ.

ಈ ವರ್ಷದ ಸಮ್ಮೇಳನವನ್ನು ಚಿತ್ರಿಸುವ ಹೊಣೆಯನ್ನು ನಿಮಗೇ ಒಪ್ಪಿಸಲಿದ್ದೇನೆ. ಆರತಿ ಎತ್ತುವವರನ್ನು ಬೆಳಕಿಗೆ ಮುಖ ಮಾಡಿ ನಿಲ್ಲಿಸಿರಿ. ಆ ತಾಯಿ ಈ ಸಲವೂ ಬರುವರು.